ಪಡಸಾಲೆಯ ಮೀನು, ಅವ್ವನ ಊಟ

ಇವತ್ತು ಸೋಮವಾರ. ಬೆಳಿಗ್ಗೆ ಜಂಬುನಾಥನ ಗುಡ್ಡಕ್ಕೆ ಹೋಗೋಣವೆಂದು ಕಾಯಿ, ಬಾಳೆಹಣ್ಣು, ಊದಿನಕಡ್ಡಿ ಇದ್ದ ಚೀಲವನ್ನು ಡಿಕ್ಕಿಯಲ್ಲಿ ಇಡಲು ಸ್ಕೂಟರಿನ ಸೀಟು ಎತ್ತಿದೆ. ವಾಸನೆ ಭಪ್ ಎಂದು ಮುಖಕ್ಕೆ ಬಡಿಯಿತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜಾ, "ಅಯ್ಯ, ಅದರಾಗ ಇಡಬ್ಯಾಡ್ರಿ! ಆ ಕಾಯಿ ಒಡದ್ರ ದೇವರು ಮೂಗು ಮುಚ್ಕೊಂತಾನ," ಎಂದಳು. ಚೀಲವನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಹೊರಟೆ.

ಅದು ಸೀಗಡಿಯ ವಾಸನೆ. ಸೋಪಿನ ನೀರು ಹಾಕಿ ತೊಳೆದಿದ್ದೇನೆ, ನಿಂಬೆಹಣ್ಣು ತಿಕ್ಕಿದ್ದೇನೆ, ನಮ್ಮ ಹೊಸಪೇಟೆಯ ಬಿಸಿಲಿಗೆ ಸೀಟು ತೆರೆದು ದಿನಗಟ್ಟಲೆ ನಿಲ್ಲಿಸಿದ್ದೇನೆ. ಕರ್ಪೂರ ಹಚ್ಚಿದರೆ ಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಕರ್ಪೂರ ಹಚ್ಚಿಟ್ಟ ಬುದ್ಧಿವಂತನೂ ನಾನೇ. ಸೀಟಿನ ಅಂಚು ಸುಟ್ಟಿತು, ವಾಸನೆ ಹೋಗಲಿಲ್ಲ. ಬೇರೆಯವರ ಮನೆಯಾದರೆ ಇದೊಂದು ಸುದ್ದಿಯೇ ಅಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ; ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ತಂದರೂ ಅದಕ್ಕೆ ಮೊಟ್ಟೆ ಹಾಕಿಲ್ಲ ಅಂತ ಬೇಕರಿಯವನಿಂದ ಆಣೆ ಮಾಡಿಸಿಕೊಂಡು ತರುವ ಜನ ನಾವು. ಇಂಥವರ ಸ್ಕೂಟರಿಗೆ ಸೀಗಡಿ ಹೇಗೆ ಹತ್ತಿತು ಅಂತ ನೀವು ಕೇಳಲೇಬೇಕು. ಕೇಳದಿದ್ದರೂ ಹೇಳುತ್ತೇನೆ.

ನನ್ನದು ಪಂಪ್‌ಸೆಟ್ಟಿನ ಅಂಗಡಿ. ನನ್ನದು ಅನ್ನುವುದು ರೂಢಿಯ ಮಾತು, ಈಗ ಅದು ಬೇರೆ ಮನೆ ಮಾಡಿಕೊಂಡಿರುವ ಮಗನದು. ಗಿರಾಕಿಗಳ ಜೊತೆ ನಾನು ಜಗಳಕ್ಕೆ ಬೀಳುತ್ತೇನೆ ಅನ್ನುವುದು ಅವನ ತಕರಾರು. ನಾನೆಲ್ಲಿ ಜಗಳ ಆಡುತ್ತಿದ್ದೆ? ಅವರು ಕೇಳಿದ ಮೋಟರು ಅವರ ಬೋರಿಗೆ ಸಾಲುವುದಿಲ್ಲ ಅಂತ ತಿಳಿಸಿ ಹೇಳುತ್ತಿದ್ದೆ, ಅವರು ಎದ್ದು ಎದುರಿನ ಅಂಗಡಿಗೆ ಹೋಗುತ್ತಿದ್ದರು. "ಅಪ್ಪಾ, ನೀವು ಮನ್ಯಾಗ ಆರಾಮ ಇರ್ರಿ," ಎಂದ ಮಗ. ಆರಾಮ ಇರುವುದು ಹೇಗೆ ಅಂತ ಮಾತ್ರ ಹೇಳಿಕೊಡಲಿಲ್ಲ. ಮನೆಯಲ್ಲಿ ಕೂತ ಮೊದಲ ವಾರವೇ ಗಿರಿಜಾಳಿಗೆ ಕುಕ್ಕರ್ ಇಡುವುದು ಹೇಗೆ ಅಂತ ತಿಳಿಸಿ ಹೇಳಿದೆ. ಅವಳಿಗೆ ಎದ್ದು ಹೋಗಲು ಎದುರಿನ ಅಂಗಡಿ ಇರಲಿಲ್ಲವಾಗಿ ನನ್ನನ್ನೇ ಅಡುಗೆಮನೆಯಿಂದ ಹೊರಗೆ ಹಾಕಿದಳು.

ಹೊರಗೆ ಬಿದ್ದವನು ಪಡಸಾಲೆಯಲ್ಲಿ ಫೋನು ಹಿಡಿದು ಕೂತೆ. ಅದರಲ್ಲಿ ಯಾವನೋ ಪುಣ್ಯಾತ್ಮ ತನ್ನ ಮನೆಯೊಳಗೇ ಮೀನು, ಸೊಪ್ಪು ಎರಡನ್ನೂ ಬೆಳೆಸುತ್ತಿದ್ದ. ಅಕ್ವಾಪೋನಿಕ್ಸ್ ಅಂತೆ. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿಕಲ್ಲು ತುಂಬಿದ ಬಾನಿ, ಕಲ್ಲಿನ ಸಂದಿಯಲ್ಲಿ ಸೊಪ್ಪಿನ ಸಸಿ. ಮೀನು ಹೊಲಸು ಮಾಡಿದ ನೀರನ್ನು ಸಣ್ಣದೊಂದು ಪಂಪು ಮೇಲಕ್ಕೆ ಕಳಿಸುತ್ತದೆ. ಆ ಹೊಲಸೇ ಸೊಪ್ಪಿಗೆ ಗೊಬ್ಬರ. ಅದನ್ನು ಸೊಪ್ಪು ಹೀರಿಕೊಂಡ ಮೇಲೆ ನೀರು ತಿಳಿಯಾಗಿ ಮತ್ತೆ ಮೀನಿನ ಮೇಲೆ ಬೀಳುತ್ತದೆ. ಮಣ್ಣು ಬೇಡ, ಕಾಲುವೆಗೆ ನೀರು ಬಿಡುವ ದಿನ ಕಾಯುವುದೂ ಬೇಡ. ಇಷ್ಟರಲ್ಲಿ 'ಪಂಪು' ಎಂಬ ಒಂದು ಮಾತು ನನ್ನ ಕಿವಿಗೆ ಬಿತ್ತು ನೋಡಿ, ಮುಗೀತು. ಇದು ನನಗಾಗಿಯೇ ಹುಟ್ಟಿದ ವಿದ್ಯೆ ಅನ್ನಿಸಿತು. ಕಂಪ್ಲಿಯ ಗದ್ದೆಯಿಂದ ಸಂಡೂರಿನ ಗಣಿಯವರೆಗೆ ನೀರು ಎತ್ತಿಸಿದವನು ನಾನು. ಆ ನೀರಿನಲ್ಲಿ ಬದುಕುವುದರ ಬಗ್ಗೆ ಮಾತ್ರ ನನಗೆ ಗೊತ್ತಿದ್ದದ್ದು ಇಷ್ಟೇ: ಆಗಾಗ ಪಂಪಿನ ಬಾಯಿಗೆ ಏಡಿ ಸಿಕ್ಕಿಕೊಳ್ಳುತ್ತದೆ.

ಮಾಳಿಗೆಯ ಮೇಲೆ ಇಡುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿನ ನೀರು ಜಳಕಕ್ಕೆ ಕಾಯಿಸಿದಂತಿರುತ್ತದೆ, ಸಸಿ ಇಟ್ಟರೆ ಮಂಗಗಳು ಬರುತ್ತವೆ, ಮಂಗ ಬಿಟ್ಟದ್ದರ ಮೇಲೆ ಅದಿರಿನ ಲಾರಿಗಳ ಕೆಂಪು ಧೂಳು ಕೂರುತ್ತದೆ. ಹಾಗಾಗಿ ಪಡಸಾಲೆಯ ಕಿಟಕಿಯ ಪಕ್ಕವೇ ಸರಿ ಎಂದು ನಾನೊಬ್ಬನೇ ಸಭೆ ಸೇರಿ ತೀರ್ಮಾನ ಮಾಡಿದೆ. ಫೋನಿನವನು ಸಣ್ಣ ಪಂಪು ಅಂದಿದ್ದ. ಪಂಪ್‌ಸೆಟ್ಟಿನವನ ಕಣ್ಣಿಗೆ ಅರ್ಧ ಎಚ್‌ಪಿ ಅಂದರೆ ಆಟದ ಸಾಮಾನು. ಅದನ್ನೇ ಜೋಡಿಸಿ ಸ್ವಿಚ್ ಹಾಕಿದೆ. ಬಾನಿಯಲ್ಲಿದ್ದ ಜಲ್ಲಿ ಸೂರಿಗೆ ಬಡಿದು ವಾಪಸು ಬಂತು, ಗೋಡೆಯ ಮೇಲಿದ್ದ ನಮ್ಮಪ್ಪನ ಫೋಟೊಗೆ ಜಳಕವಾಯಿತು. ಚೆಲ್ಲಾಡಿದ ಜಲ್ಲಿಯ ಬದಲು, ಸಂಡೂರಿನ ಗೆಳೆಯ ಪುಕ್ಕಟೆ ಕೊಟ್ಟನೆಂದು ಅಲ್ಲಿಯ ಕೆಂಪು ಕಲ್ಲು ತಂದು ತುಂಬಿದೆ. ಮಾರನೆಯ ದಿನ ನೋಡಿದರೆ ತೊಟ್ಟಿಯ ತುಂಬ ಓಕುಳಿ. "ಮೀನ ಯಾಕ ತರ್ತೀರಿ, ಒಂದು ಮದಿವಿ ಮಾಡ್ರಿ ಇಲ್ಲೆ," ಎಂದಳು ಗಿರಿಜಾ. ಕೊನೆಗೆ ಮತ್ತೆ ಜಲ್ಲಿಗೇ ಶರಣಾದೆ. ಅಂಗೈಯಲ್ಲಿ ಕೂರುವಂಥ ಪಂಪೊಂದನ್ನು ಗಾಜಿನ ತೊಟ್ಟಿ ಮಾರುವ ಅಂಗಡಿಯಿಂದ ತಂದೆ. ಅದನ್ನು ಕೊಳ್ಳುವಾಗ ನನ್ನ ಹಳೆಯ ಗಿರಾಕಿಗಳು ಯಾರಾದರೂ ನೋಡಿಬಿಟ್ಟಾರೆಂದು ಬೀದಿಯ ಎರಡೂ ಕಡೆ ನೋಡಿಕೊಂಡೆ.

ಇಲ್ಲಿ ನಮ್ಮವ್ವನ ವಿಷಯ ಹೇಳಬೇಕು. ಅವ್ವ ಬುಕ್ಕಸಾಗರದ ಒಕ್ಕಲುತನದ ಮನೆಯಲ್ಲಿ ಬದುಕು ಮಾಡಿದವಳು. ಈಗ ನಮ್ಮ ಜೊತೆಗೇ ಇದ್ದಾಳೆ. ಇದ್ದಾಳೆ ಅನ್ನುವುದೇನು, ಮನೆ ನಡೆಸುವವಳೇ ಅವಳು. ಅವಳದೊಂದು ನೇಮ: ಮನೆಯೊಳಗಿನ ಯಾವ ಜೀವವೂ ಹಸಿದಿರುವಾಗ ತಾನು ಉಣ್ಣುವುದಿಲ್ಲ. ಊರಲ್ಲಿ ಆಳುಗಳದು, ಎಮ್ಮೆಗಳದು, ನಾಯಿಯದು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಜಂಗಮರದು ಆದ ಮೇಲೆ ಅವಳ ಊಟ. ಹೊಸಪೇಟೆಗೆ ಬಂದ ಮೇಲೆ ಎಮ್ಮೆ ಇಲ್ಲ, ಆಳಿಲ್ಲ. ಬೆಕ್ಕನ್ನೂ, ಗೇಟಿಗೆ ಬರುವ ಬೀದಿ ಆಕಳನ್ನೂ ಸೇರಿಸಿಕೊಂಡು ನೇಮ ನಡೆಸುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಅಂತ ಡಾಕ್ಟರು ಹೇಳಿದ್ದಾರೆ. ಅವ್ವ ಗುಳಿಗೆಯನ್ನು ಡಾಕ್ಟರ ಮಾತಿನಂತೆ ನುಂಗುತ್ತಾಳೆ, ಊಟವನ್ನು ತನ್ನ ನೇಮದಂತೆ ಮಾಡುತ್ತಾಳೆ.

ತೊಟ್ಟಿ ಕಂಡು ಅವಳು ಕೇಳಿದ್ದು ಒಂದೇ ಮಾತು. "ಮನ್ಯಾಗ ಇರ್ತಾವ ಅಂದ್ರ ಮನೀವ ಆದ್ವು. ಏನ್ ಉಣ್ತಾವ ತಮ್ಮಾ ಮೀನ?"

"ಅನ್ನದ ಅಗಳು ಹಾಕಿದ್ರ ಸಾಕವ್ವ," ಎಂದೆ. ಗೊತ್ತಿಲ್ಲದ್ದನ್ನು ಗಟ್ಟಿ ದನಿಯಲ್ಲಿ ಹೇಳುವುದು ಅಂಗಡಿಯಿಂದ ಬಂದ ಅಭ್ಯಾಸ.

ಮೀನು ಕೊಟ್ಟವನು ಕಂಪ್ಲಿಯ ಬಾಷಾ. ನನ್ನ ಹಳೆಯ ಗಿರಾಕಿ, ಹೊಂಡ ತೋಡಿಸಿ ಮೀನು ಸಾಕುತ್ತಾನೆ. ನನ್ನ ಬಕೆಟ್ಟಿಗೆ ಬೆರಳುದ್ದದ ಮರಿಗಳನ್ನು ಹಾಕಿಕೊಟ್ಟ. ಅವು ಸಂತೆಯ ಜನದಂತೆ ಒಂದರ ಮೇಲೊಂದು ಬಿದ್ದು ಓಡಾಡುತ್ತಿದ್ದವು. ಆದರೆ ನನ್ನ ಕಣ್ಣು ಹೋದದ್ದು ಮೂಲೆಯ ಟಬ್ಬಿನ ಮೇಲೆ. ಅದರಲ್ಲಿ ಒಂದೇ ಒಂದು ಮೀನು. ಕಪ್ಪಗೆ, ಉದ್ದಕ್ಕೆ, ತಳದಲ್ಲಿ ಅಲುಗದೆ ಕೂತಿತ್ತು. ಅದರ ಮುಖದಲ್ಲಿ ಎಂಥ ಶಾಂತಿ ಅಂತೀರಿ!

"ಅದನ್ನೂ ಹಾಕಪಾ," ಎಂದೆ.

"ಅದು ಬ್ಯಾಡ್ರಿ ಸಾವ್ಕಾರ್ರ."

"ಯಾಕ?"

"ಇವುಗಳ ಜೋಡಿ ಸರಿಹೋಗಂಗಿಲ್ರಿ ಅದು. ಅದೇನ್ ಮಾಡ್ತದಂದ್ರ..."

ನಾನು ಕೈ ಎತ್ತಿ ಅವನ ಮಾತು ತಡೆದೆ. ನಾನೂ ಅಂಗಡಿ ನಡೆಸಿದವನಲ್ಲವೇ? ಮಾರುವವನು ಯಾವ ಮಾಲನ್ನು ಬೇಡ ಬೇಡ ಅನ್ನುತ್ತಾನೋ ಅದೇ ಒಳ್ಳೆಯ ಮಾಲು. ಅದನ್ನು ಅವನು ತನ್ನವರಿಗೆ ಎತ್ತಿಟ್ಟುಕೊಂಡಿರುತ್ತಾನೆ. ನಾನೇ ಎಷ್ಟು ಜನರಿಗೆ ಹಾಗೆ ಹೇಳಿ ಎಷ್ಟು ಮೋಟರು ಎತ್ತಿಟ್ಟಿಲ್ಲ! "ನನ್ನ ಹತ್ರ ಈ ಆಟ ನಡಿಯಂಗಿಲ್ಲ, ಹಾಕು," ಎಂದೆ. ಬಾಷಾ ನನ್ನ ಮುಖ ನೋಡಿದ, ಮೀನಿನ ಮುಖ ನೋಡಿದ, ನಿಮ್ಮಿಷ್ಟ ಎನ್ನುವಂತೆ ತಲೆ ಅಲ್ಲಾಡಿಸಿ ಹಾಕಿಕೊಟ್ಟ. ದಾರಿಯುದ್ದಕ್ಕೂ ನಾನು ಗೆದ್ದ ಖುಷಿಯಲ್ಲಿ ಶಿಳ್ಳೆ ಹಾಕಿಕೊಂಡು ಬಂದೆ.

ಅದಕ್ಕೆ 'ಸಾಧು' ಎಂದು ಹೆಸರಿಟ್ಟೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. "ನೋಡ್ರಿ, ಕುಂತಲ್ಲೆ ಕುಂತೈತಿ. ಆಸೆ ಇಲ್ಲ, ಚಂಚಲ ಇಲ್ಲ. ಮನಷ್ಯಾರು ಇದನ್ನ ನೋಡಿ ಕಲೀಬೇಕು." ಬಂದವರು ಚಹಾ ಕುಡಿದು ಹೂಂ ಅನ್ನುತ್ತಿದ್ದರು. ಅವ್ವ ದಿನಾ ಅಗಳು ಹಾಕುತ್ತಿದ್ದಳು, ಅಗಳು ಮಾಯವಾಗುತ್ತಿತ್ತು, ಆಮೇಲೆ ಅವಳು ಉಣ್ಣುತ್ತಿದ್ದಳು. ಬಾನಿಯಲ್ಲಿ ಪಾಲಕ್ ಚಿಗುರಿತು. ನಾನು ಮೀಸೆ ತಿರುವಿದೆ.

ಇದ್ದಕ್ಕಿದ್ದಂತೆ ಅವ್ವ, "ಮರಿ ಕಡಿಮಿ ಆಗ್ಯಾವಲ್ಲೋ," ಎಂದಳು. ಕಲ್ಲಿನ ಸಂದಿಯಲ್ಲಿ ಅಡಗಿರುತ್ತವೆ ಎಂದೆ. ಇನ್ನಷ್ಟು ಕಡಿಮೆಯಾದಾಗ ಬೆಕ್ಕನ್ನು ಹಿಡಿದು ವಿಚಾರಣೆ ಮಾಡಿದೆ. ಪೈಪಿನ ಬಾಯಿಗೆ ಜಾಳಿಗೆ ಕಟ್ಟಿದೆ. ತೊಟ್ಟಿಗೆ ಹಲಗೆ ಮುಚ್ಚಿ ಮೇಲೆ ರುಬ್ಬುಗುಂಡು ಇಟ್ಟೆ. ಊರೆಲ್ಲ ಕಳ್ಳನನ್ನು ಹುಡುಕಿದೆ, ಸಾಧುವಿನ ಹೊಟ್ಟೆ ಉಬ್ಬಿದ್ದು ಮಾತ್ರ ನನಗೆ ಧ್ಯಾನದ ತೇಜಸ್ಸಿನಂತೆಯೇ ಕಾಣುತ್ತಿತ್ತು. ಕೊನೆಗೊಂದು ದಿನ ತೊಟ್ಟಿಯಲ್ಲಿ ಅವನೊಬ್ಬನೇ ಉಳಿದ. ಆವತ್ತು ಅವ್ವ ಹಾಕಿದ ಅಗಳು ಹಾಗೇ ತೇಲುತ್ತಿತ್ತು.

"ಇದು ಉಣವಲ್ದು," ಎಂದಳು ಅವ್ವ. ಹಾಕಿದ ತಾಟನ್ನು ಹಿಂದಕ್ಕೆ ಸರಿಸಿದಳು. "ಅದು ಉಣ್ಣಲಿ, ಉಣ್ತೀನಿ."

ನಗಬೇಡಿ. ನಾನೂ ಮೊದಲು ನಕ್ಕೆ. ಮಧ್ಯಾಹ್ನ ಹೋಗಿ ಸಂಜೆ ಬಂತು, ಅವ್ವ ಒಂದು ಲೋಟ ಮಜ್ಜಿಗೆ ಮಾತ್ರ ಕುಡಿದು ಕೂತಿದ್ದಳು. ಮರುದಿನ ರೊಟ್ಟಿಯ ಚೂರು ಹಾಕಿ ನೋಡಿದಳು, ಬೆಲ್ಲ, ನೆನೆಸಿದ ಅವಲಕ್ಕಿ, ನನ್ನ ಪಾಲಿಗಿಟ್ಟಿದ್ದ ಹೋಳಿಗೆಯನ್ನೂ ಹಾಕಿ ನೋಡಿದಳು. ಸಾಧು ಕಣ್ಣು ಹೊರಳಿಸಲಿಲ್ಲ. ಮಧ್ಯಾಹ್ನ ಅವ್ವನಿಗೆ ಕಣ್ಣು ಕತ್ತಲೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಿರಿಜಾ ಓಡಿಬಂದು ತಬ್ಬಿ ಹಿಡಿದು ಬಾಯಿಗೆ ಸಕ್ಕರೆ ಹಾಕಿದಳು. ಅದು ಊಟ ಅಲ್ಲ, ಔಷಧ ಎಂದು ಒಪ್ಪಿಸಬೇಕಾಯಿತು. ಮೈಯೆಲ್ಲ ಬೆವೆತು ಕೂತ ಅವ್ವನಿಗೆ ನಾನು ಗಾಳಿ ಬೀಸಿದೆ. ಗಿರಿಜಾ ನನ್ನ ಕಡೆ ತಿರುಗಿ, "ಆ ಮೀನಿಗೆ ಉಣ್ಣಾಕ ಹಚ್ತೀರೋ, ಇಲ್ಲಾ ನಿಮ್ಮವ್ವನ್ನ ಕಳಕೊಂತೀರೋ, ನೋಡ್ರಿ," ಎಂದಳು.

ನಾನು ಮೊದಲು ಮಾಡಿದ್ದು ಮೋಸ. ಚಹಾದ ಸೋಸಣಿಗೆಯಲ್ಲಿ ಅಗಳನ್ನೆಲ್ಲ ಬಳಿದು ತೆಗೆದು, "ಅವ್ವಾ, ಉಂಡ್ತು!" ಎಂದು ಕೂಗಿದೆ. ಅವ್ವ ಕನ್ನಡಕ ಹಾಕಿಕೊಂಡು ಬಂದು ತೊಟ್ಟಿಗೆ ಬಗ್ಗಿದಳು. "ಅದರ ಹೊಟ್ಟಿ ಪಕ್ಕಿ ಒಳಗ ಹೋಗ್ಯಾವ. ಎಮ್ಮಿ ಸಾಕಿದಾಕಿ ಮುಂದ ಈ ಆಟ ಬ್ಯಾಡ ಲೇ." ಎರಡನೆಯದಾಗಿ, ಅದನ್ನು ಬಕೆಟ್ಟಿಗೆ ಹಾಕಿಕೊಂಡು ಕಾಲುವೆಗೆ ಬಿಡಲು ಹೊರಟೆ. ಅವ್ವ ಆ ಸುಸ್ತಿನಲ್ಲೂ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಹಸದ ಹೊಟ್ಟೀಲೆ ನಮ್ಮನಿ ಹೊಸಲು ದಾಟಿಸಿದ್ರ ನೋಡು ಮತ್ತ!"

ಮೀನನ್ನು ತೊಟ್ಟಿಗೆ ವಾಪಸು ಬಿಟ್ಟು ಬಾಷಾನಿಗೆ ಫೋನು ಮಾಡಿದೆ. ಅವನು ಮನಸಾರೆ ನಕ್ಕ. "ಅವತ್ತ ಹೇಳಾಕ ಬಂದ್ರ ಬಾಯಿ ಮುಚ್ಚಿಸಿದ್ರಲ್ರಿ! ಕೊರಮೀನ್ರಿ ಅದು. ಓಡಾಡೋ ಜೀವ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ. ನಿಮ್ಮ ಮರಿ ಎಲ್ಲಾ ಅದರ ಹೊಟ್ಟ್ಯಾಗ ಅದಾವ. ತಲಿ ಕೆಡಿಸ್ಕೋಬ್ಯಾಡ್ರಿ, ಎಷ್ಟೋ ದಿನ ಉಪಾಸ ಇರ್ತದ, ಏನೂ ಆಗಂಗಿಲ್ಲ."

"ಅದಕ್ಕ ಆಗಂಗಿಲ್ಲಪಾ, ನಮ್ಮವ್ವಗ ಆಗ್ತದ!" ಎಂದು ಕಿರುಚಿದೆ.

ಅವ್ವನಿಗೆ ಹೇಗೆ ಹೇಳಲಿ? ನಮ್ಮ ದೇವರಮನೆಗೆ ಹತ್ತು ಹೆಜ್ಜೆಯಲ್ಲೇ ಒಬ್ಬ ಮಾಂಸಾಹಾರಿಯನ್ನು ತಂದು ಕೂರಿಸಿ, ಊರವರಿಂದ ಅವನಿಗೆ ಕೈ ಮುಗಿಸುವುದೊಂದು ಬಾಕಿ ಇಟ್ಟಿದ್ದೆ. ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಈಗ ಅವಳೇ ಅದನ್ನು ಹೊರಗೆ ಹಾಕು ಅನ್ನುತ್ತಾಳೆ, ಪೀಡೆ ಕಳೆಯುತ್ತದೆ ಎಂಬ ಆಸೆಯೂ ಇತ್ತು. ಅವ್ವ ತೊಟ್ಟಿಯ ಕಡೆ ಒಮ್ಮೆ ನೋಡಿದಳು. ಆಮೇಲೆ, "ಎಮ್ಮಿಗೆ ಹುಲ್ಲು ಹಾಕ್ತಿದ್ವಿ. ನಾವೇನ ಹುಲ್ಲು ತಿಂತಿದ್ವಾ?" ಎಂದಳು. "ಅದನ್ನ ಕರಕೊಂಡು ಬಂದಾಂವ ನೀನು. ಅದರ ಊಟ ಅದಕ್ಕ ತಂದು ಹಾಕು. ಜಲ್ದಿ ಹೋಗು, ನಂಗೂ ಹಸಿವಿ ಆಗೇತಿ."

ಆವತ್ತು ಪೊಲೀಸರ ಭಯವಿಲ್ಲದೆಯೂ ಹೆಲ್ಮೆಟ್ ಹಾಕಿಕೊಂಡೆ. ಮೀನು ಮಾರುಕಟ್ಟೆಯ ಒಳಗೂ ಅದನ್ನು ತೆಗೆಯದೆ ಹೋದೆ. ನನ್ನ ಹೊಟ್ಟೆಗೆ ಹೆಲ್ಮೆಟ್ ಇರಲಿಲ್ಲವಲ್ಲ, ಮೀನು ಮಾರುವ ಹೆಂಗಸು ಅದನ್ನು ನೋಡಿಯೇ ಗುರುತು ಹಿಡಿದಳು. "ಯವ್ವ, ಮೋಟ್ರ ಅಂಗಡಿ ಸಾವ್ಕಾರ್ರು! ಟೋಪಿ ತಗೀರಿ, ಸೆಕಿ ಆಗ್ತದ." ಇಡೀ ಸಾಲು ತಿರುಗಿ ನೋಡಿತು. ಜೀವಂತ ಸೀಗಡಿ ಬೇಕು ಎಂದೆ. ಸಾರು ಮಾಡುತ್ತೀರೋ ಹುರಿಯುತ್ತೀರೋ ಎಂದು ಕೇಳಿದಳು, ಅದಕ್ಕೆ ತಕ್ಕದ್ದು ಕೊಡಲು. "ಇಲ್ಲವಾ, ಹಂಗ," ಎಂದೆ. "ಹಂಗ ತಿಂತೀರೇನ್ರೀ!" ಎಂದು ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಸೀಗಡಿ ಹಾಕಿಕೊಟ್ಟಳು. ಆ ಚೀಲ ಡಿಕ್ಕಿಯಲ್ಲಿ ಸ್ಪ್ಯಾನರಿನ ಮೂತಿ ತಗುಲಿ ತೂತಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ.

ಉಳಿದ ಸೀಗಡಿಯನ್ನು ಬಟ್ಟಲಿಗೆ ಹಾಕಿಕೊಂಡು ಮೂವರೂ ತೊಟ್ಟಿಯ ಸುತ್ತ ನಿಂತೆವು. ಗಿರಿಜಾ "ನಾ ಒಲ್ಲೆ" ಎಂದು ಮುಖ ತಿರುಗಿಸಿದಳು. ನಾನು ಇಕ್ಕಳದಲ್ಲಿ ಒಂದನ್ನು ಹಿಡಿದೆ. ಅದು ಕಾಲು ಬಡಿಯಿತು, ನಾನು ಇಕ್ಕಳವನ್ನೇ ಬಿಟ್ಟೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ಸೆರಗಿನೊಳಗೆ ಕೈ ಹಾಕಿ ಕೊರಳ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನಿನ ಕಡೆಗೆ ಸರಿಸಿಕೊಂಡಳು, ನೀನಿದನ್ನ ನೋಡಬ್ಯಾಡಪ್ಪ ಅನ್ನುವ ಹಾಗೆ. ಬರಿಗೈಯಲ್ಲಿ ಒಂದು ಸೀಗಡಿ ಎತ್ತಿ ನೀರಿಗೆ ಬಿಟ್ಟಳು. ಸಾಧು ಎದ್ದದ್ದು ಕಾಣಲಿಲ್ಲ, ನುಂಗಿದ್ದು ಕಂಡಿತು. ಅವ್ವನ ಕಣ್ಣಲ್ಲಿ ನೀರಿತ್ತು. "ಶಿವ ಶಿವಾ," ಎನ್ನುತ್ತಾ ಇನ್ನೊಂದನ್ನು ಬಿಟ್ಟಳು. ನನಗೆ ಅವ್ವನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿಯಲಿಲ್ಲ, ನನ್ನ ಕೈ ನಾರುತ್ತಿತ್ತು.

ಜಳಕ ಮಾಡಿ ಪೂಜೆ ಮುಗಿಸಿ ತಾಟಿನ ಮುಂದೆ ಕೂತವಳು ಮತ್ತೆ ಕೈ ತಡೆದು ನನ್ನ ಕಡೆ ನೋಡಿದಳು. "ನೀ ಉಂಡೀಯಾ?" ಗಾಬರಿಯಲ್ಲಿ ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವ್ವನ ಕೈ ಮತ್ತೆ ಹಿಂದಕ್ಕೆ ಹೋಗುವುದರೊಳಗೆ ಓಡಿ ಮೈಮೇಲೆ ನೀರು ಸುರಿದುಕೊಂಡು ಬಂದು ರೊಟ್ಟಿ ಬಾಯಿಗೆ ತುರುಕಿಕೊಂಡೆ. ಅಷ್ಟು ಜಲ್ದಿ ನಾನು ಎಂದೂ ಉಂಡಿಲ್ಲ. ಅದನ್ನು ಕಣ್ಣಾರೆ ಕಂಡು ಅವ್ವ ತುತ್ತು ಎತ್ತಿದಳು.

ಸಾಧುವನ್ನು ಮಳೆಗಾಲದಲ್ಲಿ ಬುಕ್ಕಸಾಗರದ ಹೊಳೆಗೆ ಬಿಟ್ಟುಬಂದೆವು, ಹೊಟ್ಟೆ ತುಂಬ ಉಣಿಸಿಯೇ. ಈಗ ತೊಟ್ಟಿಯಲ್ಲಿರುವುದು ಕಾಳು ತಿನ್ನುವ ಪುಟ್ಟ ಬಣ್ಣದ ಮೀನುಗಳು. ಬಾಷಾ ಹೇಳಿದ್ದನ್ನೇ ತಂದೆ, ಬಾಯಿ ಮುಚ್ಚಿಕೊಂಡು. ಪಾಲಕ್ ಬರುತ್ತಿದೆ. ಮೀನಿನ ಹೊಲಸಿನಲ್ಲಿ ಬೆಳೆದ ಸೊಪ್ಪನ್ನು ಅವ್ವ ತಿಂದಾಳೆಯೇ ಎಂಬ ಅಳುಕಿತ್ತು. ಸಗಣಿಗೊಬ್ಬರದಲ್ಲಿ ಬೆಳೆದದ್ದನ್ನು ಇಷ್ಟು ದಿನ ತಿಂದಿಲ್ಲವೇನು ಎಂದು ನನ್ನನ್ನೇ ಕೇಳಿದಳು. ನನಗೂ ಒಂದು ನೇಮ ಅಂಟಿಕೊಂಡಿತು. ಅವ್ವ ತಾಟಿಗೆ ಕೂರುವವರೆಗೆ ನಾನು ತುತ್ತು ಎತ್ತುವುದಿಲ್ಲ. ಎಂಥ ಮಗ ಅಂತ ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಇವತ್ತು ಗುಡ್ಡದಿಂದ ಬರುವಾಗ ಬಿಸಿಲು ಏರಿತ್ತು. ಊಟಕ್ಕೆ ಕೂತೆವು. "ನೀ ಉಣ್ಣು," ಎಂದಳು ಅವ್ವ. "ನೀ ಕೈ ಹಚ್ಚು, ಉಣ್ತೀನಿ," ಎಂದೆ. "ಮೊದ್ಲ ನೀನು." "ಇಲ್ಲ, ನೀನು." ನಮ್ಮ ಪ್ರೀತಿಯನ್ನು ನಾವೇ ಮೆಚ್ಚಿಕೊಂಡು ಕೂತಿದ್ದಾಗ, ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಗಿರಿಜಾ ಅದನ್ನು ನೆಲಕ್ಕೆ ಕುಕ್ಕಿದಳು.

"ನೀವಿಬ್ರೂ ಹಿಂಗ ಕುಂತ್ರ ನಾ ಯಾವಾಗ ಉಣ್ಣಬೇಕ್ರಿ?"

ಅವ್ವ ತಲೆ ಎತ್ತಿದಳು. "ನಿಂದು ಆಗಿಲ್ಲೇನು?"

ಗಿರಿಜಾ ನಾಲಿಗೆ ಕಚ್ಚಿಕೊಂಡಳು. ತಾಟಿಗೆ ಕೈ ಹಚ್ಚುವ ಮೊದಲು ಅವ್ವ ದಿನಾ "ನಿಂದಾತು?" ಎಂದು ಕೇಳುತ್ತಾಳೆ, ಅವಳು ದಿನಾ "ಆತ್ರಿ ಅತ್ತಿ" ಅನ್ನುತ್ತಾಳೆ. ಅವ್ವನ ಕೊನೆಯ ತುತ್ತಿನವರೆಗೂ ಒಲೆಯ ಮುಂದೆ ರೊಟ್ಟಿ ಬಡಿಯುವವಳು ಅಷ್ಟರೊಳಗೆ ಎಲ್ಲಿ ಉಂಡಳು, ಯಾವಾಗ ಉಂಡಳು ಎಂದು ನಾವಿಬ್ಬರೂ ಕೇಳಿರಲಿಲ್ಲ.

"ಇಷ್ಟು ವರ್ಷ ನಂಗ ಸುಳ್ಳ ಹೇಳಿದೇನ ಗಿರಿಜಾ?"

"ಮತ್ತೇನ್ ಮಾಡ್ಲಿರಿ ಅತ್ತಿ? ನಂದಾಗಿಲ್ಲ ಅಂದ್ರ ನೀವು ಉಣ್ಣಂಗಿಲ್ಲ. ನೀವು ಉಣ್ಣಬೇಕಲ್ರಿ."

ಮೀನು ಉಪವಾಸ ಕೂತಾಗ ಅವ್ವ ಉಣ್ಣಲಿಲ್ಲ ಎಂದು ಊರಿಗೆಲ್ಲ ಕಥೆ ಹೇಳಿದ್ದೇನೆ, ಈಗ ನಿಮಗೂ ಹೇಳಿದೆ. ಅವ್ವ ಉಂಡ ಮೇಲೆ ಉಣ್ಣುವ ಗಿರಿಜಾಳೂ ಆ ದಿನಗಳಲ್ಲಿ ಉಂಡಿರಲಿಲ್ಲ. ಅದು ನನಗೆ ಹೊಳೆದದ್ದು ಇವತ್ತು. ಮುಂದಿದ್ದ ನನ್ನ ತಾಟನ್ನು ದೂರ ಸರಿಸಿದೆ.

ಅವ್ವ ತನ್ನ ತಾಟನ್ನು ಗಿರಿಜಾಳ ಮುಂದೆ ನೂಕಿದಳು. "ಕುಂದ್ರು."

"ಒಲಿ ಮ್ಯಾಲೆ ಹಂಚೈತ್ರಿ ಅತ್ತಿ, ಇನ್ನ ಹಿಟ್ಟು..."

"ಇವ ಬಡೀತಾನ," ಎಂದಳು ಅವ್ವ, ನನ್ನ ಕಡೆ ನೋಡದೆ.

ಎದ್ದು ಒಳಗೆ ಹೋದೆ. ಒಣಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ಕೂಗಿ ಕೇಳಿ ಬೈಸಿಕೊಂಡೆ. ಕುಕ್ಕರ್ ಇಡುವುದನ್ನು ತಿಳಿಸಿ ಹೇಳಿದ್ದ ಮಹಾಶಯನ ರೊಟ್ಟಿ ಹಂಚು ಸೇರುವಷ್ಟರಲ್ಲಿ ಮೂರು ಕಡೆ ಹರಿಯಿತು. ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿದ ಅದನ್ನು ಬಾಗಿಲಿನಿಂದಲೇ ಅವಳ ತಾಟಿಗೆ ಹಾಕಿ, ಅವಳು ನಗುವ ಮೊದಲೇ ಒಲೆಯ ಮುಂದೆ ವಾಪಸು ಬಂದೆ. ತುಸು ಹೊತ್ತಾದ ಮೇಲೆ ಗಿರಿಜಾಳ ದನಿ ಕೇಳಿಸಿತು.

"ರೀ, ಇನ್ನೊಂದು ತರ್ರಿ."

ಮದುವೆಯಾದಾಗಿನಿಂದ ಅವಳು ಇನ್ನೊಂದು ರೊಟ್ಟಿ ಕೇಳಿದ್ದನ್ನು ನಾನು ಕೇಳಿರಲಿಲ್ಲ.